ಇಳಾಳ ಇಪ್ಪತ್ತನಾಲ್ಕು ಗಂಟೆಯ ಕ್ಯಾನು

ಅರ್ಧ ಖಾಲಿಯಿರುವ ಯಾವ ಪಾತ್ರೆಯನ್ನೂ ನನ್ನಿಂದ ನೋಡುತ್ತ ಕೂರಲಾಗುವುದಿಲ್ಲ. ಇದನ್ನು ಗುಣವೆನ್ನಬೇಕೋ ಕಾಯಿಲೆಯೆನ್ನಬೇಕೋ ತಿಳಿಯದೆ ಇಷ್ಟು ವರ್ಷ ಸುಮ್ಮನಿದ್ದೆ. ಎದುರಿಗಿದ್ದವರ ನೀರಿನ ಲೋಟ ಅರ್ಧಕ್ಕಿಳಿದರೆ ಕೇಳದೆಯೇ ತುಂಬಿಸುತ್ತೇನೆ. ಊಟಕ್ಕೆ ಕೂತವರು ಬೇಡವೆಂದು ಅಂಗೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದಲೇ ಸಾರು ಬಡಿಸುತ್ತೇನೆ. ಅರ್ಜಿಯಲ್ಲಿ 'ಇತರ ವಿವರಗಳು' ಎಂದು ನಾಲ್ಕು ಗೆರೆ ಖಾಲಿ ಬಿಟ್ಟಿದ್ದರೆ, ಹೇಳುವುದು ಏನೂ ಇಲ್ಲದಿದ್ದರೂ ಐದನೆಯ ಗೆರೆಯನ್ನು ನಾನೇ ಎಳೆದುಕೊಂಡು ಬರೆಯುತ್ತೇನೆ. ಇಂಥವನಿಗೆ ಸಿಕ್ಕ ಕೆಲಸವೂ ಇಂಥದ್ದೇ. ತಲೆಗೆ ಹಚ್ಚುವ ಎಣ್ಣೆಯ ಕಾರ್ಖಾನೆಯೊಂದರಲ್ಲಿ, ಬಾಟಲಿಗಳು ಗೆರೆಯವರೆಗೆ ತುಂಬಿವೆಯೇ ಎಂದು ನೋಡುವ ವಿಭಾಗದಲ್ಲಿದ್ದೇನೆ. ಗೆರೆಗಿಂತ ಎಳ್ಳಷ್ಟು ಕೆಳಗಿದ್ದ ಬಾಟಲಿ ಕಂಡರೂ ಕಳ್ಳನನ್ನು ಹಿಡಿದ ಹಾಗೆ ಎತ್ತಿ ಪಕ್ಕಕ್ಕಿಡುತ್ತೇನೆ. ಇಪ್ಪತ್ತಮೂರು ವರ್ಷದಿಂದ ಆ ಎಣ್ಣೆಯನ್ನು ಹಚ್ಚಿಕೊಂಡೂ ನನ್ನ ತಲೆ ಈಗ ಹೇಗಿದೆ ಎಂಬುದನ್ನು ಇಲ್ಲಿ ಚರ್ಚಿಸುವುದು ಬೇಡ. ಅದು ಬೇರೆ ವಿಭಾಗದವರ ಜವಾಬ್ದಾರಿ.

ಈ ಚಟದಿಂದ ನನಗೆ ಹೆಚ್ಚೆಂದರೆ ಮನೆಯವರ ಬೈಗುಳ ಸಿಗುತ್ತಿತ್ತು, ಅಷ್ಟೇ. ಆದರೆ ಕಳೆದ ವರ್ಷ ಇದೇ ಚಟ ನನ್ನ ಇಡೀ ಸಂಸಾರವನ್ನು ಮೂರು ದಿನ ಉಸಿರು ಬಿಗಿಹಿಡಿದು ಕೂರುವಂತೆ ಮಾಡಿತು. ಎಲ್ಲ ಒಳ್ಳೆಯದಾಗಿ ಮುಗಿದದ್ದರಿಂದ ಈಗ ಹೇಳುತ್ತಿದ್ದೇನೆ. ಹಾಗಾಗದಿದ್ದರೆ ಇದನ್ನು ಬರೆಯುವ ಮುಖ ನನಗಿರುತ್ತಿರಲಿಲ್ಲ.

ನಮ್ಮ ಮಗಳ ಹೆಸರು ಇಳಾ. ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ಹುಟ್ಟಿದವಳು. ಆಗ ಅವಳಿಗೆ ಹತ್ತು ವರ್ಷ. ಹೆಸರು ಎರಡಕ್ಷರದ್ದು, ಆಳೂ ಹೆಸರಿಗೆ ತಕ್ಕ ಹಾಗೆ. ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಒಂದನೇ ತರಗತಿಯಿಂದ ಐದನೇ ತರಗತಿಯವರೆಗೆ ಅವಳ ಜಾಗವನ್ನು ಯಾರೂ ಕಸಿದುಕೊಂಡಿರಲಿಲ್ಲ, ಎಲ್ಲರಿಗಿಂತ ಮುಂದೆ. ಮೂರನೇ ತರಗತಿಯಲ್ಲಿ ಹೊಲಿಸಿದ ಸ್ಕರ್ಟು ಐದನೇ ತರಗತಿಗೂ ಉದ್ದ ಸರಿಯಾಗಿ ಬಂದಾಗ ನನ್ನ ಹೆಂಡತಿ ವೀಣಾ ಮೊದಲು ಖುಷಿಪಟ್ಟಳು. ಆದರೆ ಸೊಂಟದ ಹುಕ್ಕು ಹಾಕಲು ಹೋದರೆ ಅದು ಬೀಳಲಿಲ್ಲ. ಮಗು ಬೆಳೆಯುತ್ತಿತ್ತು, ದಿಕ್ಕು ಮಾತ್ರ ಬೇರೆ. ಕೆನ್ನೆ ದುಂಡಗಾಗಿತ್ತು. ಮೈಸೂರಿನಿಂದ ಬಂದು ನಮ್ಮೊಡನೆ ಇರುವ ನನ್ನ ಅಮ್ಮ, "ಈಗ ನೋಡು, ಮಗು ಮೈ ಕೈ ತುಂಬ್ಕೊಂಡು ಲಕ್ಷಣವಾಗಿದಾಳೆ" ಎಂದು ಇನ್ನೊಂದು ಚಮಚ ತುಪ್ಪ ಹಾಕುತ್ತಿದ್ದರು. ತುಂಬಿಸುವ ಚಟ ನನಗೆ ಎಲ್ಲಿಂದ ಬಂತೆಂದು ಬೇರೆ ಹುಡುಕಬೇಕಾಗಿಲ್ಲ.

ನಮ್ಮನ್ನು ಎಚ್ಚರಿಸಿದ್ದು ಬಿಲ್ಡಿಂಗಿನ ಲಿಫ್ಟು. ಮುಂಬಯಿಯ ವಡಾಲದ ನಮ್ಮ ಬಿಲ್ಡಿಂಗಿನಲ್ಲಿ ನಮ್ಮದು ಹನ್ನೊಂದನೇ ಮಹಡಿ. ಲಿಫ್ಟು ಹಳೆಯದು, ಬಟನ್ನುಗಳು ಒಂದರ ಮೇಲೊಂದು ಏಣಿಯ ಹಾಗೆ ಒಂದೇ ಸಾಲಿನಲ್ಲಿವೆ. ಒಂದು ದಿನ ಏಳನೇ ಮಹಡಿಯ ಮರಾಠಿ ಹೆಂಗಸೊಬ್ಬರು ವೀಣಾಳನ್ನು ನಿಲ್ಲಿಸಿ, ನಿಮ್ಮ ಮಗಳು ದಿನಾ ಶಾಲೆಯಿಂದ ಬಂದು ನಮ್ಮ ಮಹಡಿಯಲ್ಲಿ ಇಳಿದು ಮೆಟ್ಟಿಲು ಹತ್ತಿ ಹೋಗುತ್ತಾಳಲ್ಲ, ವ್ಯಾಯಾಮ ಮಾಡಿಸುತ್ತಿದ್ದೀರಾ ಎಂದು ಮೆಚ್ಚಿಕೊಂಡು ಕೇಳಿದರು. ಸಂಜೆ ವೀಣಾ ಇಳಾಳನ್ನು ಕೂರಿಸಿಕೊಂಡು ವಿಚಾರಿಸಿದಳು. ಇಳಾ ಮುಂಬಯಿಯ ಮಕ್ಕಳಂತೆ ಮೂರು ಭಾಷೆಯನ್ನು ಒಂದೇ ವಾಕ್ಯದಲ್ಲಿ ಮುಗಿಸುವವಳು.

"ಇಲೆವನ್ ತಕ್ ನನ್ನ ಹಾಥ್ ಹೋಗಲ್ಲ ಮಮ್ಮಾ. ಸೆವೆನ್ ಈಸಿ ಇದೆ."

"ಯಾರಿಗಾದರೂ ಒತ್ತಿ ಅಂತ ಹೇಳಬಹುದಿತ್ತಲ್ಲ ಪುಟ್ಟಿ?"

"ಡೈಲಿ ಡೈಲಿ ಆಂಟಿ ಪ್ರೆಸ್ ಮಾಡಿ, ಆಂಟಿ ಪ್ರೆಸ್ ಮಾಡಿ ಅಂತ ಕೇಳೋದು ಬೋರ್ ಆಗತ್ತೆ."

"ಹೋದ ವರ್ಷ ಎಷ್ಟರ ತನಕ ಎಟಕುತ್ತಿತ್ತು?"

ಇಳಾ ಸ್ವಲ್ಪ ಯೋಚಿಸಿದಳು. "ಲಾಸ್ಟ್ ಇಯರ್ ಭೀ ಸೆವೆನ್."

ನಾನು ಪಕ್ಕದಲ್ಲಿ ಪೇಪರು ಓದುತ್ತಿದ್ದವನು ಅದೇ ಸಾಲನ್ನು ಮತ್ತೆ ಮತ್ತೆ ಓದತೊಡಗಿದೆ. ಒಂದು ವರ್ಷ ಪೂರ್ತಿ ಮಗು ಯಾರಿಗೂ ಹೇಳದೆ, ಬೆನ್ನ ಮೇಲೆ ಪುಸ್ತಕದ ಚೀಲ ಹೊತ್ತು ನಾಲ್ಕು ಮಹಡಿ ಹತ್ತಿದ್ದಾಳೆ. ದಿನಕ್ಕೆ ಎಷ್ಟೋ ಸಾವಿರ ಬಾಟಲಿಗಳ ಗೆರೆ ನೋಡುವ ಅಪ್ಪನಿಗೆ ಮನೆಯೊಳಗಿನದು ಕಂಡಿರಲಿಲ್ಲ.

ಮಕ್ಕಳ ಹಾರ್ಮೋನಿನ ತೊಂದರೆ ನೋಡುವ ಡಾಕ್ಟರೊಬ್ಬರು ಮಾಟುಂಗದಲ್ಲಿದ್ದಾರೆಂದು ಗೊತ್ತಾಗಿ ಮೂವರೂ ಹೋದೆವು. ಡಾಕ್ಟರ್ ಪೂರ್ಣಿಮಾ ಕರಾವಳಿ ಕಡೆಯವರು. ನಾವು ಕನ್ನಡದವರೆಂದು ತಿಳಿದದ್ದೇ ಇಂಗ್ಲಿಷನ್ನು ಕನ್ನಡಕದ ಜೊತೆ ಮೇಜಿನ ಮೇಲೆ ತೆಗೆದಿಟ್ಟರು. ಇಳಾಳನ್ನು ಗೋಡೆಯ ಅಳತೆಪಟ್ಟಿಗೆ ಒರಗಿಸಿ ನಿಲ್ಲಿಸಿದರು, ತೂಗಿದರು, ಅಂಗೈ ನೋಡಿದರು, ಬೆನ್ನು ನೋಡಿದರು, ಶಾಲೆಯಲ್ಲಿ ಯಾವ ಪಾಠ ಬೇಜಾರೆಂದು ಕೇಳಿದರು. ಶಾಲೆಯ ಪುಸ್ತಕದಲ್ಲಿ ಬರೆದಿದ್ದ ಹಿಂದಿನ ಎತ್ತರಗಳನ್ನೆಲ್ಲ ಒಂದು ಹಾಳೆಯಲ್ಲಿ ಚುಕ್ಕೆ ಇಟ್ಟು ಗೆರೆ ಎಳೆದರು. ಗೆರೆ ಸ್ವಲ್ಪ ದೂರ ಹತ್ತಿ ಆಮೇಲೆ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ಹಗ್ಗದ ಹಾಗೆ ಅಡ್ಡ ಹೋಗಿತ್ತು.

"ನೀವು ಸಣ್ಣವರಿರುವಾಗ ಹೇಗಿದ್ದಿರಿ? ಎಲ್ಲರ ಹಾಗೆ ಬೆಳೆದದ್ದಾ, ನಿಧಾನವಾ?" ಎಂದು ನಮ್ಮಿಬ್ಬರನ್ನೂ ಕೇಳಿದರು. ವೀಣಾ ತಾನು ಎಲ್ಲರ ಹಾಗೆಯೇ ಬೆಳೆದೆನೆಂದಳು. ನನ್ನ ಸರದಿ ಬಂದಾಗ ನಾನೂ "ಸಾಮಾನ್ಯ" ಎಂದೆ. ಈ 'ಸಾಮಾನ್ಯ' ಎಂಬ ಮಾತಿನ ವಿಚಾರ ಆಮೇಲೆ ಹೇಳುತ್ತೇನೆ.

ಡಾಕ್ಟರು ರಕ್ತದ ಒಂದೆರಡು ಪರೀಕ್ಷೆ, ಎಡಗೈಯ ಎಕ್ಸ್‌ರೇ ಬರೆದರು. ಕೊನೆಗೆ, "ಇನ್ನೊಂದುಂಟು. ಒಂದು ಇಡೀ ದಿನದ ಮೂತ್ರ ಹಿಡಿದು ಕೊಡಬೇಕು" ಎಂದರು. ಕಿಡ್ನಿಯ ಮೇಲೆ ಟೊಪ್ಪಿಯ ಹಾಗೆ ಕೂತ ಗ್ರಂಥಿಯೊಂದಿದೆಯಂತೆ. ಅದರಿಂದ ಬರುವ ಕಾರ್ಟಿಸಾಲ್ ಎಂಬ ಹಾರ್ಮೋನು ಮಿತಿಮೀರಿದರೆ ಮಕ್ಕಳು ಎತ್ತರ ಬೆಳೆಯುವುದು ನಿಲ್ಲುತ್ತದೆ, ತೂಕ ಮಾತ್ರ ಏರುತ್ತದೆ. ರಕ್ತದಲ್ಲಿ ಅದು ಬೆಳಗ್ಗೆ ಒಂದು ಥರ, ಸಂಜೆ ಒಂದು ಥರ. ಇಡೀ ದಿನದ ಮೂತ್ರ ನೋಡಿದರೆ ಒಟ್ಟು ಎಷ್ಟೆಂದು ತಿಳಿಯುತ್ತದೆ.

"ಅದು ಯಾಕೆ ಜಾಸ್ತಿಯಾಗುತ್ತೆ ಡಾಕ್ಟ್ರೇ?" ಎಂದೆ.

"ಜಾಸ್ತಿ ಉಂಟಾ ಅಂತ ಮೊದಲು ನೋಡುವಾ. ಯಾಕೆ ಅಂತ ಆಮೇಲೆ. ನೀವು ಮನೆಗೆ ಹೋಗಿ ಫೋನಿನಲ್ಲಿ ಓದ್ಲಿಕ್ಕೆ ಹೋಗ್ಬೇಡಿ ಮಾರಾಯ್ರೆ" ಎಂದರು.

ನಾನು ಮನೆಗೆ ಹೋಗುವವರೆಗೆ ಕಾಯಲಿಲ್ಲ. ಕ್ಲಿನಿಕ್ಕಿನ ಮೆಟ್ಟಿಲಲ್ಲೇ ಓದಿದೆ. ಮೂರನೆಯ ಸಾಲಿನಲ್ಲಿ 'ಗೆಡ್ಡೆ' ಎಂಬ ಅರ್ಥದ ಇಂಗ್ಲಿಷ್ ಪದ ಸಿಕ್ಕಿತು. ಫೋನನ್ನು ಜೇಬಿಗೆ ಹಾಕಿಕೊಂಡು, ಮಳೆ ಬರುವ ಹಾಗಿದೆ ಅಲ್ಲವಾ ಎಂದು ವೀಣಾಳಿಗೆ ಹೇಳಿದೆ. ಅದು ಏಪ್ರಿಲ್ ತಿಂಗಳು. ಅವಳು ಹೌದೆಂದಳು. ಅವಳು ಯಾಕೆ ಹೌದೆಂದಳೆಂದು ನಾನು ಆಗಲೇ ಯೋಚಿಸಬೇಕಿತ್ತು.

ಕ್ಯಾನು ಕೊಟ್ಟದ್ದು ಅಲ್ಲೇ ಪಕ್ಕದ ಲ್ಯಾಬಿನ ಬಸವರಾಜಪ್ಪ. ವಿಜಯಪುರದ ಕಡೆಯವರು, ಐವತ್ತು ದಾಟಿದ ಗಂಭೀರ ಮನುಷ್ಯ, ದಪ್ಪ ಮೀಸೆ. ಮುಚ್ಚಳವಿದ್ದ ಮೂರು ಲೀಟರಿನ ಬಿಳಿಯ ಪ್ಲಾಸ್ಟಿಕ್ ಕ್ಯಾನನ್ನು ಮೇಜಿನ ಮೇಲಿಟ್ಟು, ಎಷ್ಟೋ ಜನರಿಗೆ ಹೇಳಿ ಸವೆದ ಮಾತನ್ನು ನನಗೂ ಹೇಳಿದರು.

"ನೋಡ್ರಿ ಸಾಹೇಬ್ರ, ಮುಂಜಾನಿ ಎದ್ದಕೂಡ್ಲೆ ಮೊದಲನೇ ಕಾಲ್ಮಡಿ ಹಿಡೀಬ್ಯಾಡ್ರಿ, ಹಂಗ ಬಿಡ್ರಿ. ಟೈಮ್ ಬರಕೋರಿ. ಅಲ್ಲಿಂದ ಎಲ್ಲಾ ಇದರಾಗ ಬರಬೇಕು. ಮರುದಿನ ಅದೇ ಟೈಮಿಗೆ ಎಬ್ಬಿಸಿ ಆಗಿಂದೂ ಹಾಕಿ ಬಂದ್ ಮಾಡ್ರಿ. ಒಂದ್ ಹನಿ ಹೊರಗ ಹೋಗಬಾರ್ದು. ತಂಪ್ ಇಟ್ಟಿರಬೇಕು."

"ಇದು ಪೂರ್ತಿ ತುಂಬಬೇಕಾ?"

"ಎಷ್ಟ್ ಬರತೈತಿ ಅಷ್ಟ ರೀ" ಎಂದರು. ಇಷ್ಟು ಸ್ಪಷ್ಟವಾದ ಉತ್ತರವನ್ನು ಅವರು ಕೊಟ್ಟಿದ್ದರು ಎಂಬುದನ್ನು ನ್ಯಾಯಕ್ಕಾಗಿ ಇಲ್ಲಿ ದಾಖಲಿಸುತ್ತಿದ್ದೇನೆ. ಆದರೆ ನನ್ನ ಕಣ್ಣು ಆಗಲೇ ಕ್ಯಾನಿನ ಮೈಮೇಲೆ ಅಚ್ಚೊತ್ತಿದ್ದ ಗೆರೆಗಳ ಮೇಲೆ ಹೋಗಿಬಿಟ್ಟಿತ್ತು.

ಭಾನುವಾರವನ್ನು ಆರಿಸಿಕೊಂಡೆವು. ಮೊದಲ ತೊಡಕು ಬಂದದ್ದು ಅಮ್ಮನಿಂದ. ತಂಪಿನಲ್ಲಿಡಬೇಕೆಂದರೆ ಫ್ರಿಜ್ಜಿನಲ್ಲಿಡಬೇಕು ಎಂದು ನಾನು ಸಹಜವಾಗಿ ಹೇಳಿದೆ. ಅಮ್ಮ ಫ್ರಿಜ್ಜಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು.

"ಅಲ್ಲ ಕಣೋ, ಇದರೊಳಗೆ ದೇವರ ಹಾಲಿದೆ, ದೋಸೆ ಹಿಟ್ಟಿದೆ, ನಿನ್ನೆ ಕಡೆದ ಬೆಣ್ಣೆ ಇದೆ. ಅದರ ಪಕ್ಕದಲ್ಲಿ ಅದನ್ನ ಇಡ್ತೀಯಾ?"

"ಮುಚ್ಚಳ ಇದೆ ಅಮ್ಮ. ಅದೂ ನಿನ್ನ ಮೊಮ್ಮಗಳದ್ದೇ."

"ಮೊಮ್ಮಗಳು ನನ್ನವಳೇ. ಹಾಗಂತ ಅವಳ ಒಂದಕ್ಕೆಯನ್ನೆಲ್ಲ ಬೆಣ್ಣೆ ಪಕ್ಕ ಕೂರಿಸೋಕಾಗಲ್ಲ."

ವಾದದಲ್ಲಿ ಅಮ್ಮನನ್ನು ಗೆದ್ದವರು ನಮ್ಮ ವಂಶದಲ್ಲಿಲ್ಲ. ಔಷಧಿ ಅಂಗಡಿಯವನಿಂದ ಥರ್ಮಾಕೋಲ್ ಡಬ್ಬಿ ತಂದೆ. ಮಂಜುಗಡ್ಡೆಗೆ ಬಿಲ್ಡಿಂಗಿನ ಕೆಳಗಿನ ಕಬ್ಬಿನ ಹಾಲಿನ ಅಂಗಡಿಗೆ ಹೋದೆ. ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಹೋದಾಗ ಅವನು ಸುಮ್ಮನೆ ಕೊಟ್ಟ. ಸಂಜೆ ಮೂರನೆಯ ಸಲ ಹೋದಾಗ ಕಣ್ಣು ಮಿಟುಕಿಸಿ, "ಬಡೀ ಪಾರ್ಟಿ ಹೈ ಕ್ಯಾ ಸಾಬ್?" ಎಂದ. ನಾನು ಹೌದೆಂದೆ. ಬೇರೆ ಏನು ಹೇಳಲಿ.

ಇಷ್ಟರ ನಡುವೆ ನಿಜವಾದ ಅನಾಹುತ ಶುರುವಾಗಿತ್ತು. ಹನ್ನೊಂದು ಗಂಟೆಗೆ ಕ್ಯಾನನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದೆ. ತಳ ಕೂಡ ಸರಿಯಾಗಿ ಮುಚ್ಚಿರಲಿಲ್ಲ. ಮೊದಲನೇ ಗೆರೆ ಎಲ್ಲೋ ಆಕಾಶದಲ್ಲಿತ್ತು. ಇಪ್ಪತ್ತಮೂರು ವರ್ಷದ ವೃತ್ತಿ ನನ್ನೊಳಗೆ ಎದ್ದು ಕೂತಿತು. ಇಷ್ಟು ಕಡಿಮೆ ಕೊಟ್ಟರೆ ಅವರು ಏನೆಂದು ಪರೀಕ್ಷೆ ಮಾಡಿಯಾರು, ಮತ್ತೆ ತನ್ನಿ ಎಂದಾರು, ಅಷ್ಟರಲ್ಲಿ ಆ ಮೂರನೆಯ ಸಾಲಿನ ಪದ ನನ್ನ ಮಗುವಿನ ಒಳಗೆ ಎಷ್ಟು ದೊಡ್ಡದಾದೀತು ಎಂದೆಲ್ಲ ಯೋಚನೆ ಹರಿಯಿತು. ಎರಡು ಎಳನೀರು ತರಿಸಿದೆ. ಇಳಾ ಕುಡಿದಳು. ಅರ್ಧ ಗಂಟೆಯ ಮೇಲೆ ನಿಂಬೆ ಶರಬತ್ತು, ಆಮೇಲೆ ಕೋಕಂ ಹಣ್ಣಿನದು, ಊಟಕ್ಕೆ ಅನ್ನಕ್ಕಿಂತ ಹೆಚ್ಚು ಮಜ್ಜಿಗೆ, ಊಟದ ನಂತರ ಅರ್ಧ ಕಲ್ಲಂಗಡಿ, ನಡುನಡುವೆ ನೀರು. ವೀಣಾ ಅಂದು ಕನ್ನಡ ಸಂಘದ ಮಕ್ಕಳ ನಾಟಕದ ಅಭ್ಯಾಸ ಮಾಡಿಸಲು ಮಾಟುಂಗಕ್ಕೆ ಹೋಗಿದ್ದಳು. ಇಲ್ಲದಿದ್ದರೆ ನನ್ನನ್ನು ತಡೆಯುತ್ತಿದ್ದಳು. ಅಮ್ಮ ತಡೆಯಲಿಲ್ಲ, ಮಗು ಏನಾದರೂ ಹೊಟ್ಟೆಗೆ ತೆಗೆದುಕೊಳ್ಳುತ್ತಿದೆಯಲ್ಲ ಎಂಬ ಸಮಾಧಾನ ಅವರಿಗೆ.

"ಅಪ್ಪಾ, ನನ್ನ ಪೇಟ್ ಒಳಗೆ ಆವಾಜ್ ಬರ್ತಿದೆ" ಎಂದು ಇಳಾ ನಾಲ್ಕು ಗಂಟೆಗೆ ಹೇಳಿದಳು. ಕುಣಿದು ತೋರಿಸಿದಳು. ನಿಜವಾಗಿಯೂ ಬರುತ್ತಿತ್ತು, ಅರ್ಧ ತುಂಬಿದ ಬಿಂದಿಗೆಯನ್ನು ಅಲ್ಲಾಡಿಸಿದ ಹಾಗೆ.

"ಇನ್ನೊಂದೇ ಲೋಟ ಪುಟ್ಟಿ" ಎಂದೆ.

ಆ ದಿನ ಅವಳು ಬಚ್ಚಲಿಗೆ ಎಷ್ಟು ಸಲ ಹೋದಳೆಂದರೆ, ಸಂಜೆಯ ಹೊತ್ತಿಗೆ ನಡೆದು ಹೋಗುವುದನ್ನು ಬಿಟ್ಟು ಅಲ್ಲೇ ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಚಿತ್ರ ಬರೆಯುತ್ತ ಕೂತಳು. ಸೋಮವಾರ ಬೆಳಗ್ಗೆ ಕ್ಯಾನಿನ ಮೇಲಿನ ಗೆರೆಗೆ ಒಂದು ಬೆರಳು ಕಡಿಮೆಯಿತ್ತು. ನಾನು ಅದನ್ನು ಎತ್ತಿ ಹಿಡಿದು ನೋಡಿದಾಗ ನನ್ನ ಮುಖದಲ್ಲಿದ್ದದ್ದು ಹೆಮ್ಮೆ ಎಂದು ವೀಣಾ ಇವತ್ತಿಗೂ ಹೇಳುತ್ತಾಳೆ. ಇದ್ದೀತು.

ವಡಾಲದಿಂದ ಮಾಟುಂಗಕ್ಕೆ ಟ್ಯಾಕ್ಸಿಯವರು ಇಷ್ಟು ಹತ್ತಿರ ಬರುವುದಿಲ್ಲವೆಂದರು. ಹಾಗಾಗಿ ಲೋಕಲ್ ಹಿಡಿಯಲು ಹೊರಟೆ. ಮಾಟುಂಗಕ್ಕೆ ಇಳಿಯಬೇಕಾದ ಕಿಂಗ್ಸ್ ಸರ್ಕಲ್‌ಗೆ ಒಂದೇ ಸ್ಟೇಷನ್ನು. ಆದರೆ ವಡಾಲ ಸ್ಟೇಷನ್ನಿನ ಸೇತುವೆಯ ಮೇಲೆ ಚೀಲ ತಪಾಸಣೆ ಮಾಡುತ್ತಿದ್ದ ಪೊಲೀಸರು ನನ್ನ ಥರ್ಮಾಕೋಲ್ ಡಬ್ಬಿಯನ್ನು ಕೋಲಿನಿಂದ ಮುಟ್ಟಿ, "ಅಂದರ್ ಕ್ಯಾ ಹೈ?" ಎಂದರು. ಸ್ಯಾಂಪಲ್ ಎಂದೆ. ಎಂಥ ಸ್ಯಾಂಪಲ್ ಎಂದರು. ಹಿಂದೆ ಇಡೀ ಮುಂಬಯಿ ಆಫೀಸಿಗೆ ಹೋಗಲು ನಿಂತಿತ್ತು. ಮೆಲ್ಲಗೆ ಹೇಳಿದೆ. ಅವರಿಗೆ ಕೇಳಿಸಲಿಲ್ಲ. ಗಟ್ಟಿಯಾಗಿ ಹೇಳಿದೆ. ಹಿಂದಿದ್ದ ಮುಂಬಯಿ ಎರಡು ಹೆಜ್ಜೆ ಹಿಂದೆ ಸರಿಯಿತು. "ಇತ್ನಾ?" ಎಂದು ಪೊಲೀಸರು ಕ್ಯಾನನ್ನೂ ನನ್ನನ್ನೂ ನೋಡಿದರು. ಮಗಳದ್ದು, ಹತ್ತು ವರ್ಷ, ಬೆಳೆಯುತ್ತಿಲ್ಲ ಎಂದೆ. ಅವರ ಮುಖ ಮೆತ್ತಗಾಯಿತು. ಮುಚ್ಚಳವನ್ನು ತಾವೇ ಸರಿಯಾಗಿ ಒತ್ತಿ, "ಸಬ್ ಠೀಕ್ ಹೋಗಾ, ಜಾವೋ" ಎಂದರು. ಲೋಕಲ್ಲಿನಲ್ಲಿ ಅಂದು ನನ್ನ ಸುತ್ತ ಸಿಕ್ಕಷ್ಟು ಜಾಗ ಬೆಳಗಿನ ಹೊತ್ತು ಈ ಊರಿನಲ್ಲಿ ಮಂತ್ರಿಗಳಿಗೂ ಸಿಗಲಾರದು.

ಬಸವರಾಜಪ್ಪ ಕ್ಯಾನು ಎತ್ತಿ ತೂಗಿ ನೋಡಿದರು. "ಎಲ್ಲಾ ಕೂಸಿಂದ ಏನ್ರಿ?" ಎಂದಷ್ಟೇ ಕೇಳಿದರು. ನಾನು ಅವಮಾನವಾದವನಂತೆ ಹೌದೆಂದೆ. ಅವರು ಬರೆದುಕೊಂಡರು.

ವರದಿ ಶನಿವಾರ ಬೆಳಗ್ಗೆ ಫೋನಿಗೆ ಬಂತು. ಉಳಿದ ಅಂಕಿಗಳೆಲ್ಲ ಸಭ್ಯವಾಗಿ ಕೂತಿದ್ದವು. ಕಾರ್ಟಿಸಾಲ್ ಎಂಬಲ್ಲಿ ಮಾತ್ರ ಅಂಕಿ ದಪ್ಪ ಅಕ್ಷರದಲ್ಲಿದ್ದು ಪಕ್ಕದಲ್ಲಿ ಹೆಚ್ಚು ಎಂಬ ಗುರುತಿತ್ತು. ಕ್ಲಿನಿಕ್ಕಿಗೆ ಫೋನು ಮಾಡಿದರೆ, ಡಾಕ್ಟರು ಊರಿಗೆ ಹೋಗಿದ್ದಾರೆ, ಮಂಗಳವಾರ ಬನ್ನಿ ಎಂದರು.

ಆ ಮೂರು ದಿನಗಳ ಬಗ್ಗೆ ತಮಾಷೆಯಾಗಿ ಬರೆಯಲು ನನಗೆ ಬರುವುದಿಲ್ಲ. ಇಳಾ ಎಂದಿನಂತೆ ಹಾಡು ಹೇಳುತ್ತ, ಟೀವಿಯ ಮುಂದೆ ಕಾಲು ಅಲ್ಲಾಡಿಸುತ್ತ ಇದ್ದಳು. ನಾನು ಅವಳ ದುಂಡು ಕೆನ್ನೆಯನ್ನು ನೋಡುತ್ತಿದ್ದೆ. ಅಷ್ಟು ದಿನ ಮುದ್ದು ಬರುತ್ತಿದ್ದ ಕೆನ್ನೆ ಈಗ ಏನನ್ನೋ ಮುಚ್ಚಿಟ್ಟುಕೊಂಡ ಹಾಗೆ ಕಾಣುತ್ತಿತ್ತು. ಭಾನುವಾರ ಬೆಳಗ್ಗೆ ಅಡುಗೆಮನೆಗೆ ಹೋದರೆ ವೀಣಾ ಒಲೆಯ ಮೇಲೆ ಹಾಲಿಟ್ಟು ಅದು ಉಕ್ಕುವುದನ್ನು ನೋಡುತ್ತ ನಿಂತಿದ್ದಳು, ಆರಿಸುತ್ತಿರಲಿಲ್ಲ. ನಾನು ಹೋಗಿ ಆರಿಸಿದೆ.

"ರೀ, ನಿಮಗೊಂದು ವಿಷಯ ಹೇಳಿಲ್ಲ. ಅವತ್ತು ಡಾಕ್ಟ್ರ ಕೋಣೆಯಿಂದ ಹೊರಗೆ ಬಂದ ಕೂಡಲೇ ನಾನು ಫೋನಲ್ಲಿ ಓದಿದೆ" ಎಂದಳು.

"ಮೂರನೇ ಸಾಲಾ?" ಎಂದೆ.

ಅವಳು ನನ್ನ ಮುಖ ನೋಡಿದಳು. "ನೀವೂ ಓದಿದ್ದೀರಾ? ಮತ್ತೆ ಮಳೆ ಬರೋ ಹಾಗಿದೆ ಅಂದ್ರಲ್ಲ."

"ನೀನು ಹೌದು ಅಂದೆಯಲ್ಲ."

ಅಷ್ಟೂ ದಿನ ಇಬ್ಬರೂ ಒಂದೇ ಭಯವನ್ನು ಬೇರೆ ಬೇರೆ ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದೆವು. ಅದನ್ನು ಹೊರಗೆ ತೆಗೆದಿಟ್ಟ ಮೇಲೆ ಭಯವೇನೂ ಕಡಿಮೆಯಾಗಲಿಲ್ಲ, ಆದರೆ ಹೊರುವುದಕ್ಕೆ ಇಬ್ಬರಾದೆವು. ವೀಣಾ ಸೆರಗಿನಿಂದ ಕಣ್ಣೊರೆಸಿಕೊಂಡು ಒಲೆಯ ಮೇಲೆ ಚೆಲ್ಲಿದ ಹಾಲನ್ನು ಒರೆಸಿದಳು. ಬಾಗಿಲಲ್ಲಿ ಅಮ್ಮ ನಿಂತಿದ್ದರು. ಎಷ್ಟು ಕೇಳಿಸಿಕೊಂಡರೋ ಗೊತ್ತಿಲ್ಲ. "ಮಂಗಳವಾರ ನಾನೂ ಬರ್ತೀನಿ" ಎಂದರು. ಮೊಣಕಾಲು ನೋವೆಂದು ಒಂದು ವರ್ಷದಿಂದ ಬಿಲ್ಡಿಂಗಿನ ಗೇಟು ದಾಟದಿದ್ದವರು ಅವರು.

ಮಂಗಳವಾರ ಡಾಕ್ಟರು ವರದಿಯನ್ನು ಕೈಗೆ ತೆಗೆದುಕೊಂಡರು. ನಾವು ಮೂವರು ದೊಡ್ಡವರು ಅವರ ಹುಬ್ಬನ್ನೇ ನೋಡುತ್ತಿದ್ದೆವು. ದಪ್ಪ ಅಕ್ಷರದ ಅಂಕಿಯನ್ನು ನೋಡಿದರು, ಹುಬ್ಬು ಅಲ್ಲಾಡಲಿಲ್ಲ. ಅದರ ಮೇಲಿನ ಇನ್ನೊಂದು ಅಂಕಿಯನ್ನು ನೋಡಿದರು. ಎರಡೂ ಹುಬ್ಬು ಮೇಲೆ ಹೋದವು.

"ಇದೆಂತ ಮಾರಾಯ್ರೆ, ಎರಡು ಮುಕ್ಕಾಲು ಲೀಟರು? ಹತ್ತು ವರ್ಷದ ಮಗುವಿನದ್ದಾ?" ಎಂದವರು ಇಳಾಳ ಕಡೆ ತಿರುಗಿದರು. "ನಿಂಗೆ ದಿನಾ ತುಂಬಾ ಬಾಯಾರಿಕೆ ಆಗ್ತದಾ ಮಗಾ?"

"ನಹೀ ಆಂಟಿ. ಸಂಡೇ ಅಪ್ಪ ಪಿಲಾಯಿಸಿದ್ರು. ಎಳನೀರು, ನಿಂಬೂ ಪಾನಿ, ಕೋಕಂ, ಛಾಸ್, ವಾಟರ್‌ಮೆಲನ್" ಎಂದು ಇಳಾ ಬೆರಳು ಮಡಚುತ್ತ ಹೋದಳು. ಒಂದು ಕೈ ಮುಗಿದು ಇನ್ನೊಂದು ಕೈಗೆ ಬಂದಳು. "ನನ್ನ ಪೇಟ್ ಆವಾಜ್ ಮಾಡ್ತಾ ಇತ್ತು. ಅಪ್ಪಂಗೆ ಬೋಲಿದ್ರೂ ಇನ್ನೊಂದ್ ಲೋಟ ಅಂದ್ರು."

ವೀಣಾ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ. ಡಾಕ್ಟರು ಪೆನ್ನು ಕೆಳಗಿಟ್ಟರು.

"ಯಾಕೆ ಕುಡಿಸಿದ್ದು?"

"ಕ್ಯಾನು ಖಾಲಿ ಕಾಣ್ತಿತ್ತು ಡಾಕ್ಟ್ರೇ" ಎಂದೆ. ನನ್ನ ಕಿವಿಗೇ ಅದು ಮೂರನೇ ತರಗತಿಯ ಹುಡುಗನ ಉತ್ತರದಂತೆ ಕೇಳಿಸಿತು.

ಮಿತಿಮೀರಿ ನೀರು ಕುಡಿದರೆ ಈ ಹಾರ್ಮೋನು ಮೂತ್ರದಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು, ಈ ವರದಿಯನ್ನು ನಂಬಲಾಗದು, ಇದರಿಂದ ಭಯಪಡುವುದೂ ಬೇಡ, ಧೈರ್ಯಪಡುವುದೂ ಬೇಡ, ಇನ್ನೊಮ್ಮೆ ಮಾಡಬೇಕು ಎಂದರು. "ಈ ಸಲ ಬಾಯಾರಿಕೆ ಆದಷ್ಟು ಮಾತ್ರ ಕುಡೀಲಿ. ಮತ್ತೆ ಆ ದಿನ ಇವರು ಮನೆಯಲ್ಲಿ ಇರುವುದು ಬೇಡ" ಎಂದು ನನ್ನತ್ತ ಪೆನ್ನು ತೋರಿಸಿ ವೀಣಾಳಿಗೆ ಹೇಳಿದರು. ಔಷಧಿ ಚೀಟಿಯಲ್ಲಿ ಬರೆದುಕೊಡುವುದೊಂದು ಬಾಕಿಯಿತ್ತು.

ಆಮೇಲೆ ಎಡಗೈಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಇಳಾಳ ವಯಸ್ಸು ಹತ್ತಾದರೂ ಮೂಳೆಗಳಿಗೆ ಎಂಟೇ ವರ್ಷ. ಅವು ನಿಧಾನವಾಗಿ ಹೊರಟಿವೆ ಎಂದರು. "ಹೀಗಿರುವವರು ತಡವಾಗಿ ಬೆಳೆಯುವುದುಂಟು. ಸಾಧಾರಣ ಮನೆಯಲ್ಲಿ ಬೇರೆ ಯಾರಾದರೂ ಹಾಗೇ ಇರ್ತಾರೆ. ಆದರೆ ನೀವಿಬ್ಬರೂ ಇಲ್ಲ ಅಂದದ್ದಲ್ವಾ?"

ಅಮ್ಮ ಇಷ್ಟು ಹೊತ್ತು ಗೋಡೆಯ ಬದಿಯ ಕುರ್ಚಿಯಲ್ಲಿ ಮೊಣಕಾಲು ಒತ್ತಿಕೊಂಡು ಕೂತಿದ್ದರು. "ಯಾರು ಹೇಳಿದ್ದು ಇಲ್ಲ ಅಂತ?" ಎಂದರು. "ಇವನು ಎಸ್ಸೆಸ್ಸೆಲ್ಸಿ ಮುಗಿಸೋವರೆಗೂ ಇಷ್ಟೇ ಇದ್ದ, ನಮ್ಮ ಬೀದಿಯಲ್ಲೆಲ್ಲ ಇವನನ್ನ ಲೋಟ ಅಂತಿದ್ರು. ಬಸ್ಸಲ್ಲಿ ಹತ್ತನೇ ಕ್ಲಾಸಲ್ಲೂ ಅರ್ಧ ಟಿಕೆಟ್ ಕೊಡೋರು. ಪಿಯುಸಿಗೆ ಸೇರಿದ ಮೇಲೆ ನೋಡಿ, ಒಂದೇ ವರ್ಷದಲ್ಲಿ ಮೂರು ಸಲ ಪ್ಯಾಂಟಿನ ಅಂಚು ಬಿಚ್ಚಿ ಹೊಲಿದಿದ್ದೀನಿ."

ಡಾಕ್ಟರು ನನ್ನನ್ನು ನೋಡಿದರು. ವೀಣಾ ನೋಡಿದಳು. ಇಳಾ ಎಲ್ಲರಿಗಿಂತ ಹೆಚ್ಚು ಕುತೂಹಲದಿಂದ ನೋಡಿದಳು. 'ಸಾಮಾನ್ಯ' ಎಂದ ಮಾತಿನ ವಿಚಾರ ಇದೇ. ಮದುವೆಗೆ ಮೊದಲು ವೀಣಾಳಿಗೆ ಹೇಳಿರಲಿಲ್ಲ, ಮದುವೆಯ ಮೇಲೆ ಹೇಳುವ ಸಂದರ್ಭ ಬರಲಿಲ್ಲ. ಹದಿನೈದು ವರ್ಷದ ಹುಡುಗನನ್ನು ಲೋಟ ಎಂದು ಕರೆದರೆ ಅವನು ಅದನ್ನು ಎಷ್ಟು ಆಳದಲ್ಲಿ ಹೂಳುತ್ತಾನೆಂದರೆ, ಡಾಕ್ಟರು ಕೇಳಿದರೂ ಅಗೆದು ತೆಗೆಯಲು ಕೈ ಬರುವುದಿಲ್ಲ.

"ಇದನ್ನು ಮೊದಲೇ ಹೇಳಿದ್ದರೆ ನಂಗೆ ಸ್ವಲ್ಪ ಸುಲಭ ಆಗ್ತಿತ್ತು. ಪರೀಕ್ಷೆ ಹೇಗೂ ಮಾಡಿಸ್ತಿದ್ದೆ, ಆದರೆ ನಿಮಗೆ ಇಷ್ಟು ಹೆದರಿಕೆ ಇರ್ತಿರಲಿಲ್ಲ" ಎಂದರು ಡಾಕ್ಟರು, ಬೈಯದೆ. ಬೈದಿದ್ದರೆ ವಾಸಿಯಿತ್ತು.

ಎರಡನೆಯ ಭಾನುವಾರ ವೀಣಾ ಯಜಮಾನಿಕೆ ವಹಿಸಿಕೊಂಡಳು. ನನ್ನನ್ನು ಬೆಳಗ್ಗೆ ಎಂಟಕ್ಕೆ ಹೊರಗೆ ಹಾಕಿದರು. ಮಾಟುಂಗದ ಉಡುಪಿ ಹೋಟೆಲಿನಲ್ಲಿ ಇಡ್ಲಿ ತಿಂದೆ, ದೇವಸ್ಥಾನಕ್ಕೆ ಹೋದೆ, ಮತ್ತೆ ಹೋಟೆಲಿಗೆ ಬಂದೆ. ಎದುರಿಗೆ ಕೂತ ಅಪರಿಚಿತರ ಲೋಟ ಅರ್ಧ ಖಾಲಿಯಿತ್ತು. ಜಗ್ಗು ನನ್ನ ಕೈಯಳತೆಯಲ್ಲಿತ್ತು. ಮುಟ್ಟಲಿಲ್ಲ. ಮರುದಿನ ವೀಣಾಳೇ ಕ್ಯಾನು ಒಯ್ದಳು. ಅದರಲ್ಲಿ ಮುಕ್ಕಾಲು ಲೀಟರೂ ಇರಲಿಲ್ಲ. "ಹಾಂ, ಈಗ ಇದು ಕೂಸಿಂದು ಅನಸ್ತೈತಿ ನೋಡ್ರಿ" ಎಂದರಂತೆ ಬಸವರಾಜಪ್ಪ.

ವರದಿ ಬಂದ ದಿನ ನಾನು ಕಾರ್ಖಾನೆಯಲ್ಲಿದ್ದೆ. ವೀಣಾ ಫೋನು ಮಾಡಿದಳು. ನನ್ನ ಮುಂದೆ ಬಾಟಲಿಗಳು ಒಂದರ ಹಿಂದೊಂದು ಸಾಗುತ್ತಿದ್ದವು. "ರೀ, ಸರಿ ಇದೆಯಂತೆ. ಡಾಕ್ಟ್ರೂ ನೋಡಿದ್ರು. ಎಲ್ಲ ಸರಿ ಇದೆ" ಎಂದಳು. ಆ ಕಡೆ ಅವಳು ಅಳುತ್ತಿದ್ದದ್ದು, ಈ ಕಡೆ ನಾನು ಅಳುತ್ತಿದ್ದದ್ದು ಇಬ್ಬರಿಗೂ ತಿಳಿಯುತ್ತಿತ್ತು. ಆ ಐದು ನಿಮಿಷದಲ್ಲಿ ಗೆರೆಗಿಂತ ಕಡಿಮೆಯಿದ್ದ ಬಾಟಲಿಗಳು ಎಷ್ಟು ದಾಟಿಹೋದವೋ ನನಗೆ ಗೊತ್ತಿಲ್ಲ. ನಿಮ್ಮ ಮನೆಗೆ ಬಂದ ಎಣ್ಣೆಯ ಬಾಟಲಿ ಒಂದಿಷ್ಟು ಕಡಿಮೆಯಿದ್ದರೆ ಕ್ಷಮಿಸಿ.

ಡಾಕ್ಟರು ಔಷಧಿ ಏನೂ ಕೊಡಲಿಲ್ಲ. ತುಪ್ಪ, ಕರಿದ ತಿಂಡಿ ಕಡಿಮೆ ಮಾಡಿ, ದಿನಾ ಆಡಲು ಬಿಡಿ, ಎತ್ತರ ಅಳೆಯಲು ಮೂರು ತಿಂಗಳಿಗೊಮ್ಮೆ ಬನ್ನಿ ಎಂದರು. ಅಮ್ಮ ತುಪ್ಪದ ಚಮಚವನ್ನು ಚಿಕ್ಕದು ಮಾಡಿದರು. ಬದಲಿಗೆ ನನ್ನ ತಟ್ಟೆಗೆ ಬೀಳುವ ಚಮಚ ದೊಡ್ಡದಾಯಿತು.

ಮೂರು ತಿಂಗಳ ಮೇಲೆ ಇಳಾಳನ್ನು ನಾನೊಬ್ಬನೇ ಕರೆದುಕೊಂಡು ಹೋದೆ. ನರ್ಸು ಅವಳನ್ನು ಅಳತೆಪಟ್ಟಿಗೆ ನಿಲ್ಲಿಸಿ ಎರಡೆರಡು ಸಲ ನೋಡಿದರು. ಒಂದೂವರೆ ಸೆಂಟಿಮೀಟರು ಏರಿದ್ದಳು. ಡಾಕ್ಟರು ಹಾಳೆಯಲ್ಲಿ ಹೊಸ ಚುಕ್ಕೆಯಿಟ್ಟರು. ಹಗ್ಗದ ಹಾಗೆ ಅಡ್ಡ ಮಲಗಿದ್ದ ಗೆರೆ ಸಣ್ಣಗೆ ತಲೆಯೆತ್ತಿತ್ತು. "ಹೊರಟಿದೆ ನೋಡಿ ಗಾಡಿ" ಎಂದರು. ನನಗೆ ಎಷ್ಟು ಹಗುರವಾಯಿತೆಂದರೆ, ಬುದ್ಧಿ ಕೈಕೊಟ್ಟು, "ನನ್ನದೂ ಒಂದು ಸಲ ನೋಡಿಬಿಡಿ" ಎಂದು ಬೂಟು ಕಳಚಿ ಪಟ್ಟಿಗೆ ಬೆನ್ನು ಕೊಟ್ಟು ನಿಂತೆ. ನರ್ಸು ಹಲಗೆಯನ್ನು ನೆತ್ತಿಯ ಮೇಲೆ ಇಳಿಸಿ ನೂರ ಅರವತ್ತೇಳು ಎಂದರು. ನೂರ ಅರವತ್ತೆಂಟು, ಇನ್ನೊಂದು ಸಲ ನೋಡಿ ಎಂದೆ. ನೋಡಿ ಮತ್ತೆ ಅದನ್ನೇ ಹೇಳಿದರು. ಡಾಕ್ಟರು ಮೇಜಿನಿಂದಲೇ, "ಐವತ್ತು ಹತ್ತಿರ ಬಂತಲ್ಲ, ಇನ್ನು ನಿಧಾನಕ್ಕೆ ಇಳಿಯುವುದೇ" ಎಂದರು.

ಕಿಂಗ್ಸ್ ಸರ್ಕಲ್ ಸ್ಟೇಷನ್ನಿನಲ್ಲಿ ಲೋಕಲ್ ಬರಲು ಇನ್ನೂ ಹೊತ್ತಿತ್ತು. ಇಳಾ ನನ್ನ ಫೋನು ಕಸಿದುಕೊಂಡು ಮನೆಗೆ ಕರೆ ಮಾಡಿದಳು. "ಅಜ್ಜೀ, ನಾನು ಡೇಢ್ ಸೆಂಟಿಮೀಟರ್ ಬೆಳ್ದೆ. ಅಪ್ಪ ಒಂದು ಸೆಂಟಿಮೀಟರ್ ಕಮ್ ಆಗಿದ್ದಾರೆ" ಎಂದು ಅರ್ಧ ಪ್ಲಾಟ್‌ಫಾರ್ಮಿಗೆ ಕೇಳುವಂತೆ ವರದಿ ಕೊಟ್ಟಳು. ಮೊಮ್ಮಗಳು ಬೆಳೆದ ಸಂತೋಷಕ್ಕೆ ಅಮ್ಮ ದೇವರಿಗೆ ದೀಪ ಹಚ್ಚಲು ಎದ್ದಿರುತ್ತಾರೆ ಎಂದುಕೊಂಡೆ. ಇಳಾ ಫೋನನ್ನು ನನ್ನತ್ತ ಚಾಚಿದಳು.

"ಏನೋ ಇದು, ಯಾಕೋ ಕಮ್ಮಿ ಆದೆ?" ಎಂದರು ಅಮ್ಮ, ನಿಜವಾದ ಆತಂಕದಿಂದ. "ಹೊತ್ತಿಗೆ ಸರಿಯಾಗಿ ಊಟ ಮಾಡು ಅಂದ್ರೆ ಕೇಳಲ್ಲ. ಹೋಗಿದ್ದೀಯಲ್ಲ, ಹಾಗೇ ಆ ಡಾಕ್ಟ್ರಮ್ಮನ ಹತ್ರ ನಿನ್ನದೂ ಒಂದು ಕ್ಯಾನು ಬರೆಸ್ಕೊಂಡು ಬಾ."